ಮರಕ್ಕೆ ಬಳ್ಳಿ ಭಾರವೆ?

“ಬಳ್ಳಿಗೆ ಕಾಯಿ ಭಾರವೆ?” ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಹೆತ್ತವಳಿಗೆ ಮಗು ಹೊರೆಯಲ್ಲವೆಂದು ಹೇಳುವುದಕ್ಕೆ ನಮ್ಮ ಹಿರಿಯರು ಹಿತ್ತಿಲಿನ ಚಪ್ಪರದಿಂದಲೇ ಆರಿಸಿಕೊಂಡ ಹೋಲಿಕೆಯಿದು. ಇಪ್ಪತ್ತೇಳು ವರ್ಷಗಳಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿರುವ ನಾನು ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಎಷ್ಟು ತರಗತಿಗಳ ಮಕ್ಕಳಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೆ ಕಾಯಿಯನ್ನು ಹೊತ್ತ ಬಳ್ಳಿಯನ್ನೇ ಹೊತ್ತು ನಿಂತಿರುವ ಮರಕ್ಕೆ ಆ ಬಳ್ಳಿ ಭಾರವೋ ಅಲ್ಲವೋ ಎಂದು ಒಬ್ಬ ಹುಡುಗನೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅದನ್ನು ನನಗೆ ತಿಳಿಸಿಕೊಟ್ಟವರು ಪಕ್ಕದ ಮನೆಯ ವೃದ್ಧೆಯೊಬ್ಬರು.

ಮಲೆನಾಡಿನ ಸೆರಗಿನಲ್ಲಿರುವ ಈ ಊರಿನಲ್ಲಿ ನಾನು ಮನೆ ಮಾಡಿದ ಹೊಸದರಲ್ಲಿ, 2001ರ ಮಳೆಗಾಲದಲ್ಲಿ, ಮಿತ್ರರೊಬ್ಬರು ಬೆರಳು ಗಾತ್ರದ ಒಂದು ಗಡ್ಡೆಯನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು. “ಗೇಟಿನ ಪಕ್ಕ ಹಾಕಿ. ನೀರು ಬೇಡ, ಗೊಬ್ಬರ ಬೇಡ, ತಾನಾಗಿ ಬರುತ್ತದೆ” ಎಂದರು. ತಾನಾಗಿ ಬಂದಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೇಟಿನ ಕಮಾನು ಮುಚ್ಚಿ ಗುಲಾಬಿ ಬಣ್ಣದ ಗೊಂಚಲುಗಳು ಇಳಿಬಿದ್ದವು. ಹೃದಯಾಕಾರದ ಎಲೆ, ಬೆಳಗಿನಿಂದ ಸಂಜೆಯವರೆಗೆ ಜೇನುನೊಣಗಳ ಝೇಂಕಾರ. ದಾರಿಯಲ್ಲಿ ಹೋಗುವವರು ನಿಂತು ನೋಡುವರು. ಕೆಲವರು ಕೇಳಿ ಗಡ್ಡೆ ಕೊಂಡೊಯ್ಯುವರು. ನಾನಂತೂ ಉದಾರಿ. 2004ರ ವನಮಹೋತ್ಸವಕ್ಕೆ ಒಂದು ಬುಟ್ಟಿ ಗಡ್ಡೆಯನ್ನು ಶಾಲೆಗೇ ಹೊರಿಸಿಕೊಂಡು ಹೋಗಿ, ಶಾಲೆಯ ಹಿಂದಿನ ಕೆರೆ ಏರಿಯ ಬೇಲಿ ಬರಿದಾಗಿದೆಯೆಂದು ಮಕ್ಕಳಿಂದ ಅಲ್ಲೆಲ್ಲ ನೆಡಿಸಿದೆ. ಮಿಕ್ಕದ್ದನ್ನು ಮಕ್ಕಳು ತಂತಮ್ಮ ಮನೆಗಳಿಗೆ ಒಯ್ದರು.

ಇದರ ಹೆಸರು ಆಂಟಿಗೋನನ್. ಮೆಕ್ಸಿಕೋ ದೇಶದ್ದು. ಇಂಗ್ಲಿಷಿನವರು ಹವಳದ ಬಳ್ಳಿ ಎನ್ನುತ್ತಾರೆ. ಫಿಲಿಪ್ಪೀನ್ಸಿನಲ್ಲಿ ಇದಕ್ಕಿರುವ ಸ್ಪ್ಯಾನಿಷ್ ಹೆಸರಿನ ಅರ್ಥ ‘ಪ್ರೇಮದ ಸರಪಳಿ’ ಎಂದು. ಸರಪಳಿ ಎಂಬ ಮಾತನ್ನು ನಾನು ಆಗಲೇ ಗಮನಿಸಬೇಕಾಗಿತ್ತು.

2016ರ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಪಕ್ಕದ ಮನೆಯ ಅಮ್ಮ ಕಾಂಪೌಂಡಿನ ಆಚೆ ನಿಂತು, “ಮೇಷ್ಟ್ರೇ, ನಿಮ್ಮ ಬಳ್ಳಿ ಬಹಳ ಚೆನ್ನಾಗಿ ಹೂ ಬಿಟ್ಟಿದೆ. ನಮ್ಮ ಸಂಪಿಗೆ ಮಾತ್ರ ಈ ವರ್ಷ ಒಂದು ಹೂವನ್ನೂ ಕೊಡಲಿಲ್ಲ” ಎಂದರು. ದನಿಯಲ್ಲಿ ದೂರು ಇರಲಿಲ್ಲ. ಕತ್ತೆತ್ತಿ ನೋಡಿದೆ. ಅವರ ಯಜಮಾನರು ಮಗಳು ಹುಟ್ಟಿದ ವರ್ಷ ನೆಟ್ಟ ಸಂಪಿಗೆ ಅದು. ಯಜಮಾನರು ತೀರಿಹೋಗಿ, ಮಗಳು ಗಂಡನ ಮನೆಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಆ ಮರದ ನೆತ್ತಿಯ ಮೇಲೆ ಸಂಪಿಗೆಯ ಎಲೆಯೇ ಕಾಣದಂತೆ ಗುಲಾಬಿ ಬಣ್ಣದ ಕಂಬಳಿಯೊಂದು ಹರಡಿತ್ತು. ಆ ಬಣ್ಣವನ್ನು ನಾನು ದಿನವೂ ನೋಡುತ್ತಿದ್ದೆ, ನೋಡಿ ಸಂತೋಷಪಡುತ್ತಿದ್ದೆ. ಅದರ ಕೆಳಗೆ ಒಂದು ಮರವಿದೆಯೆಂಬುದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ನಾನು ಸಸ್ಯಶಾಸ್ತ್ರ ಓದಿದವನಲ್ಲ. ಲತೆ, ವಲ್ಲಿ, ವಲ್ಲರಿ, ವ್ರತತಿ ಎಂದು ಪರ್ಯಾಯಪದಗಳನ್ನು ಹೇಳಬಲ್ಲೆನೇ ಹೊರತು ಬಳ್ಳಿ ಬದುಕುವ ಬಗೆಯನ್ನು ತಿಳಿಯೆ. ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕರನ್ನು ಕರೆತಂದು ತೋರಿಸಿದೆ. ಆ ದಿನ ಅವರು ಕಾಂಪೌಂಡಿನ ಬಳಿ ನಿಂತು ಹೇಳಿದ ಪಾಠವನ್ನೇ, ಆಮೇಲೆ ನಾನು ಓದಿ ಕಂಡುಕೊಂಡದ್ದನ್ನೂ ಸೇರಿಸಿ, ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮರವೊಂದು ಬಿಸಿಲಿನಿಂದ ಗಳಿಸಿದ ಆಹಾರದಲ್ಲಿ ಬಹುಪಾಲನ್ನು ಕಾಂಡ ಕಟ್ಟುವುದಕ್ಕೆ ವ್ಯಯಿಸುತ್ತದೆ. ಗಾಳಿಗೆ ಬೀಳದಂತೆ ನಿಲ್ಲಬೇಕು, ಕೊಂಬೆಗಳನ್ನು ಹೊರಬೇಕು; ಅದಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ. ಬಳ್ಳಿಗೆ ಈ ಖರ್ಚಿಲ್ಲ. ಅದು ತನ್ನ ಗಳಿಕೆಯನ್ನೆಲ್ಲ ಉದ್ದಕ್ಕೂ ಎಲೆಗೂ ಹಾಕುತ್ತದೆ. ನಿಲ್ಲುವುದಕ್ಕೆ ಇನ್ನೊಬ್ಬರ ಕಾಂಡವನ್ನು ಹಿಡಿಯುತ್ತದೆ. ಸ್ವಂತ ಮನೆ ಕಟ್ಟದೆ, ಬಾಡಿಗೆಯನ್ನೂ ಕೊಡದೆ, ಮಹಡಿಯ ಮೇಲೆಯೇ ಬಿಡಾರ ಮಾಡಿದ ಸಂಸಾರವೆನ್ನಬಹುದು. ಹಾಗೆಂದು ಇದು ಬಂದಳಿಕೆಯಲ್ಲ. ಬಂದಳಿಕೆ ಕೊಂಬೆಯೊಳಕ್ಕೆ ಬೇರಿಳಿಸಿ ಮರದ ರಸವನ್ನೇ ಹೀರುತ್ತದೆ. ನಮ್ಮ ಗೇಟಿನ ಬಳ್ಳಿ ಮರದಿಂದ ಒಂದು ಹನಿಯನ್ನೂ ಕುಡಿಯುವುದಿಲ್ಲ. ತನ್ನ ನೀರನ್ನು ತನ್ನ ನೆಲದಿಂದಲೇ ತರುತ್ತದೆ. ಅದು ಕದಿಯುವುದು ಬಿಸಿಲನ್ನು. ಮರದ ನೆತ್ತಿಯೇರಿ ತನ್ನ ಎಲೆಗಳನ್ನು ಒಂದರ ಮೇಲೊಂದು ಹಾಸಿದರೆ ಕೆಳಗಿನ ಎಲೆಗೆ ಬೆಳಕಿಲ್ಲ. ಬೆಳಕಿಲ್ಲದ ಎಲೆಗೆ ಅಡಿಗೆ ಮಾಡುವುದಕ್ಕಾಗದು. ಎಲೆ ಉದುರುತ್ತದೆ, ರೆಂಬೆ ಒಣಗುತ್ತದೆ, ಹೂ ನಿಲ್ಲುತ್ತದೆ. ಮೇಲೆ ಭಾರ ಬೇರೆ. ಒಣಗಿದ ಕಾಲದಲ್ಲಿ ಹಗುರವೆನಿಸುವ ಹಂದರ ಆಷಾಢದ ಮಳೆಯಲ್ಲಿ ನೆನೆದು ನೀರು ಹಿಡಿದರೆ ಎಷ್ಟು ತೂಗೀತೆಂಬುದನ್ನು ನೆನೆದ ಕಂಬಳಿಯನ್ನು ಎತ್ತಿದವರು ಬಲ್ಲರು. ಎಲೆಗಳ ನಡುವೆ ಸಂದಿಯಿಲ್ಲದ್ದರಿಂದ ಗಾಳಿ ತೂರಿಹೋಗುವುದಿಲ್ಲ. ದೋಣಿಯ ಹಾಯಿಯಂತೆ ಉಬ್ಬಿ ಮರವನ್ನೇ ಎಳೆಯುತ್ತದೆ. ಮಳೆಗಾಲದಲ್ಲಿ ಬೀದಿಯ ಮರ ವಿದ್ಯುತ್ ತಂತಿಯ ಮೇಲೆ ಬಿತ್ತೆಂದು ಕೇಳಿದಾಗ ಆ ಮರವನ್ನು ಯಾವುದಾದರೂ ಬಳ್ಳಿ ಹೊದ್ದಿತ್ತೇ ಎಂದು ನೋಡಿ.

ಹಾಗಾದರೆ ಮೆಣಸಿನ ಬಳ್ಳಿ ಅಡಿಕೆ ಮರವನ್ನು ಏಕೆ ಕೊಲ್ಲುವುದಿಲ್ಲ? ಇದು ನಾನು ಆ ದಿನ ಕೇಳಿದ ಪ್ರಶ್ನೆ; ಮಲೆನಾಡಿನವರೆಲ್ಲರೂ ಕೇಳಬಹುದಾದ ಪ್ರಶ್ನೆ. ಮೆಣಸೂ ಗಂಟುಗಂಟಿಗೆ ಬೇರು ಬಿಟ್ಟು ಮರವನ್ನು ಅಂಟಿಕೊಂಡೇ ಏರುತ್ತದೆ. ವೀಳ್ಯದೆಲೆಯೂ ಹಾಗೆಯೇ. ಅಧ್ಯಾಪಕರು ನಕ್ಕು, “ಮೆಣಸಿನ ಬಳ್ಳಿಯನ್ನು ತೋಟದವರು ವರ್ಷದಲ್ಲಿ ಎಷ್ಟು ಸಲ ಮುಟ್ಟುತ್ತಾರೆ, ನೀವು ನಿಮ್ಮ ಬಳ್ಳಿಯನ್ನು ಹದಿನೈದು ವರ್ಷದಲ್ಲಿ ಎಷ್ಟು ಸಲ ಮುಟ್ಟಿದ್ದೀರಿ?” ಎಂದರು.

ಆ ಮಾತಿನ ಬೆಲೆ ನನಗೆ ನಿಧಾನವಾಗಿ ತಿಳಿಯಿತು. ನಮ್ಮ ಹಳೆಯ ಹಿತ್ತಿಲುಗಳಲ್ಲಿ ಬಳ್ಳಿಗಳಿಗೇನೂ ಕೊರತೆಯಿರಲಿಲ್ಲ. ಬಸಳೆಯ ಚಪ್ಪರ, ಹೀರೆ, ಸೋರೆ, ತೊಂಡೆ, ಅವರೆ, ಜಾಜಿ, ಬಿಳಿಯ ಮತ್ತು ನೀಲಿಯ ಶಂಖಪುಷ್ಪ. ಬಸಳೆಯ ಕುಡಿಯನ್ನು ಸಾರಿಗೆ ಚಿವುಟುತ್ತಾರೆ, ಜಾಜಿಯನ್ನು ಹೂವಿಗಾಗಿ ಸಂಜೆಸಂಜೆಗೂ ಬಿಡಿಸುತ್ತಾರೆ, ವರ್ಷಕ್ಕೊಮ್ಮೆ ಕತ್ತರಿಸುತ್ತಾರೆ, ವೀಳ್ಯದೆಲೆ ಕೊಯ್ಯುತ್ತಾರೆ, ಸೋರೆಯ ಬಳ್ಳಿ ಕಾಯಿ ಮುಗಿದರೆ ತಾನೇ ಒಣಗುತ್ತದೆ. ಮನೆಯವರ ಕೈ ದಿನವೂ ಅದರ ಮೇಲಿರುತ್ತದೆ. ಕೊಯ್ಯುವುದೇ ಅದಕ್ಕೆ ಕಡಿವಾಣ. ಶಾಕುಂತಲ ನಾಟಕದಲ್ಲಿ ಶಕುಂತಲೆ ಮಾವಿನ ಮರಕ್ಕೆ ಹಬ್ಬಿದ ನವಮಾಲಿಕೆಗೆ ವನಜ್ಯೋತ್ಸ್ನೆ ಎಂದು ಹೆಸರಿಟ್ಟು ಸಲಹುತ್ತಾಳಷ್ಟೆ. ಬಳ್ಳಿಯೂ ಮಾವೂ ವಧೂವರರೆಂದು ನಾವು ತರಗತಿಯಲ್ಲಿ ರಸವತ್ತಾಗಿ ಹೇಳುತ್ತೇವೆ. ಆಕೆ ಕೊಡದಲ್ಲಿ ನೀರು ಹೊತ್ತು ಗಿಡಬಳ್ಳಿಗಳ ಬುಡಕ್ಕೆ ಹೊಯ್ಯುತ್ತಿದ್ದಳು, ಅವಳ ಕಣ್ಣು ಅವುಗಳ ಮೇಲಿತ್ತು ಎಂಬ ಕಡೆಗೆ ನಮ್ಮ ಲಕ್ಷ್ಯ ಹೋಗುವುದಿಲ್ಲ. ನೀರು ಬೇಡ, ಗೊಬ್ಬರ ಬೇಡ ಎಂದು ಹೊಗಳಿ ಕೊಡುವ ಬಳ್ಳಿಯ ಮುಖವನ್ನು ಯಾರೂ ನೋಡುವುದಿಲ್ಲ. ನಮ್ಮ ಆರೈಕೆಯನ್ನು ಬೇಡದ ಬಳ್ಳಿ ನಮ್ಮ ಅಪ್ಪಣೆಯನ್ನೂ ಬೇಡದು.

ಇದರ ಜೊತೆಗೆ ಪರದೇಶದಿಂದ ಬಂದ ಬಳ್ಳಿಗೆ ಇನ್ನೊಂದು ಅನುಕೂಲವುಂಟು. ಹುಟ್ಟಿದ ನಾಡಿನಲ್ಲಿ ಅದನ್ನು ತಿನ್ನುವ ಹುಳುಗಳುಂಟು, ಅದಕ್ಕೆ ತಗಲುವ ರೋಗಗಳುಂಟು, ಅದರೊಡನೆ ಜಗಳವಾಡಿಕೊಂಡೇ ಬೆಳೆದ ನೆರೆಗಿಡಗಳುಂಟು. ಇಲ್ಲಿಗೆ ಬರುವಾಗ ಬಳ್ಳಿ ಒಂದೇ ಬರುತ್ತದೆ. ಶತ್ರುಗಳು ಹಿಂದೆಯೇ ಉಳಿಯುತ್ತವೆ. ಬಂದದ್ದೆಲ್ಲವೂ ಹೀಗೆ ಮೇರೆ ಮೀರುವುದಿಲ್ಲವೆಂಬುದನ್ನೂ ಹೇಳಬೇಕು. ಮೆಣಸಿನಕಾಯಿ, ಆಲೂಗೆಡ್ಡೆ, ಸೀಮೆಬದನೆ ಇವೆಲ್ಲ ಹೊರಗಿನವೇ; ನಮ್ಮ ಅಡಿಗೆಮನೆಯನ್ನು ಸೇರಿಕೊಂಡು ಸುಖವಾಗಿವೆ. ಹಲವು ಸರ್ಕಾರಗಳು ಕೂಡಿ ರಚಿಸಿದ ಜೀವವೈವಿಧ್ಯದ ವೇದಿಕೆಯೊಂದು 2023ರಲ್ಲಿ ಪ್ರಕಟಿಸಿದ ವರದಿಯಂತೆ, ಮನುಷ್ಯರು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ದು ನೆಲೆಗೊಳಿಸಿದ ಜೀವಜಾತಿಗಳು ಪ್ರಪಂಚದಲ್ಲಿ 37,000ಕ್ಕೂ ಹೆಚ್ಚು. ಅವುಗಳಲ್ಲಿ ಕೇಡು ಮಾಡುತ್ತಿರುವವು 3,500ಕ್ಕೂ ಮಿಕ್ಕು. ಹತ್ತರಲ್ಲಿ ಒಂದು ಎನ್ನೋಣ. ಆ ಒಂದು ಯಾವುದೆಂದು ನೆಡುವಾಗ ಹಣೆಯ ಮೇಲೆ ಬರೆದಿರುವುದಿಲ್ಲ.

ಅಮೆರಿಕದಲ್ಲಿ ಕುಡ್ಜು ಎಂಬ ಬಳ್ಳಿಯಿದೆ. ಅವರೆಯ ಕುಲಕ್ಕೆ ಸೇರಿದ್ದು. 1876ರಲ್ಲಿ ಫಿಲಡೆಲ್ಫಿಯದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನಕ್ಕೆ ಜಪಾನಿನವರು ಅದನ್ನು ತಂದು ತೋರಿಸಿದರು. ನೇರಿಳೆಯ ಸುವಾಸನೆಯ ಹೂ, ದಟ್ಟ ನೆರಳು. ಜನ ಮನೆಯ ಜಗಲಿಯ ಮುಂದೆ ಹಬ್ಬಿಸಿಕೊಂಡರು. 1930ರ ದಶಕದಲ್ಲಿ ಹೊಲದ ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು ಇದೇ ತಕ್ಕ ಬಳ್ಳಿಯೆಂದು ಅಲ್ಲಿಯ ಸರ್ಕಾರವೇ ಕೋಟಿಗಟ್ಟಲೆ ಸಸಿಗಳನ್ನು ಬೆಳೆಸಿ ಹಂಚಿತು; ನೆಟ್ಟ ರೈತರಿಗೆ ಎಕರೆಗೆ 8 ಡಾಲರುಗಳವರೆಗೆ ಕೊಟ್ಟಿತು. ಬಳ್ಳಿ ಹೊಲದಲ್ಲಿ ನಿಲ್ಲಲಿಲ್ಲ. ಬೇಸಗೆಯಲ್ಲಿ ದಿನಕ್ಕೆ ಒಂದು ಅಡಿಯವರೆಗೂ ಬೆಳೆದು ಕಾಡಿನ ಅಂಚು, ಪಾಳುಮನೆ, ತಂತಿಕಂಬ ಎಲ್ಲವನ್ನೂ ಹೊದ್ದಿತು. 1953ರಲ್ಲಿ ಸರ್ಕಾರ ಅದನ್ನು ಶಿಫಾರಸಿನ ಪಟ್ಟಿಯಿಂದ ತೆಗೆಯಿತು. 1970ರಲ್ಲಿ ಕಳೆಯೆಂದು ಸಾರಿತು. ಕತೆಗಳಲ್ಲಿ ಹೇಳುವಷ್ಟು ವಿಸ್ತಾರವಾಗಿ ಅದು ಹರಡಿಲ್ಲವೆಂದು ಈಚಿನ ಕೆಲವರು ವಾದಿಸುತ್ತಾರೆ. ಇರಬಹುದು. ಒಂದು ಬುಟ್ಟಿ ಗಡ್ಡೆಯನ್ನು ಹಂಚಿದ ನನಗೆ ಆ ಸರ್ಕಾರದ ಮೇಲೆ ನಗುವ ಧೈರ್ಯವಿಲ್ಲ.

ಪರದೇಶದ ಬಳ್ಳಿಗಳನ್ನಷ್ಟೇ ದೂರುವುದೂ ನ್ಯಾಯವಲ್ಲ. ನಮ್ಮ ಕವಿಗಳಿಗೆ ಅತ್ಯಂತ ಪ್ರಿಯವಾದ ಮಾಧವೀಲತೆಯ ವಿಷಯವನ್ನು ಓದಿ ನಾನು ಬೆರಗಾದೆ. ಅದರ ಬೀಜಕ್ಕೆ ಮೂರು ರೆಕ್ಕೆ; ಗಾಳಿಯಲ್ಲಿ ಗಿರಕಿ ಹೊಡೆಯುತ್ತ ದೂರ ಹೋಗುತ್ತದೆ. ಇದನ್ನು ತೋಟದ ಅಲಂಕಾರಕ್ಕೆಂದು ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳಿಗೆ ಒಯ್ದರು. ಅಲ್ಲಿ ಅದು ಕಾಡಿನ ಮರಗಳನ್ನು ತಬ್ಬಿ ಮುಚ್ಚಿ ನುಗ್ಗಲಾರದ ಪೊದೆಯಾಗಿದೆ. ಪ್ರಪಂಚದ ಅತ್ಯಂತ ಕೇಡಿನ ಆಕ್ರಮಣಕಾರಿ ಜೀವಿಗಳ ನೂರರ ಪಟ್ಟಿಯೊಂದನ್ನು ತಜ್ಞರು ಮಾಡಿದ್ದಾರೆ. ಕುಡ್ಜುವಿನ ಜೊತೆಗೆ ನಮ್ಮ ಮಾಧವಿಯೂ ಅದರಲ್ಲಿದ್ದಾಳೆ. ಇಲ್ಲಿ ವಸಂತಕ್ಕೆ ಒಪ್ಪುವ ಸೊಸೆ, ಅಲ್ಲಿ ಮನೆ ಮುರಿದವಳು. ಬಳ್ಳಿಯ ಗುಣ ಬದಲಾಗಲಿಲ್ಲ. ಅದನ್ನು ಎಲ್ಲಿ ಇಳಿಸಿದರೆಂಬುದು ಬದಲಾಯಿತು.

ಅದೇ ಪಟ್ಟಿಯಲ್ಲಿ ನಮಗೆ ಪರಿಚಿತವಾದ ಇನ್ನೆರಡು ಹೆಸರುಗಳಿವೆ. ಒಂದು ಲಾಂಟಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ಬಣ್ಣದ ಹೂವಿನ ಬೇಲಿಗಿಡವೆಂದು ತೋಟಗಳಿಗೆ ತಂದದ್ದು; ಇಂದು ಬಂಡೀಪುರದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಕಾಡಿನ ಕೆಳನೆಲವನ್ನು ತುಂಬಿ ಹುಲ್ಲಿಗೆ ಎಡೆಯಿಲ್ಲದಂತೆ ಮಾಡಿದೆ. ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಹೆಣೆದು ಮುಗಿಯುವಷ್ಟು ಅದು ಕಡಿಮೆಯಿಲ್ಲ. ಇನ್ನೊಂದು ಮೈಕೇನಿಯ. ಚಿಕ್ಕ ಬಿಳಿಯ ಹೂ, ಹೃದಯಾಕಾರದ ಎಲೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈಶಾನ್ಯದ ವಿಮಾನದಾಣಗಳನ್ನು ಶತ್ರುಗಳ ಕಣ್ಣಿಂದ ಮರೆಮಾಡಲು ಇದನ್ನು ಬೆಳೆಸಿದರೆಂದು ಹೇಳುತ್ತಾರೆ. ಮರೆಮಾಡುವ ಕೆಲಸವನ್ನು ಅದು ಇನ್ನೂ ನಿಲ್ಲಿಸಿಲ್ಲ. ಅಸ್ಸಾಮಿನ ಚಹಾ ತೋಟಗಳಿಂದ ಕೇರಳದವರೆಗೆ, ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿಯೂ ಕಾಣಿಸಿಕೊಂಡಿದೆ. ಅದರ ತಾಯ್ನಾಡಿನ ತುಕ್ಕುರೋಗದ ಶಿಲೀಂಧ್ರವೊಂದನ್ನು ತರಿಸಿ 2005-06ರಲ್ಲಿ ಅಸ್ಸಾಂ ಮತ್ತು ಕೇರಳಗಳಲ್ಲಿ ಬಿಟ್ಟು ನೋಡಿದರು. ರೋಗ ನೆಲೆನಿಲ್ಲಲಿಲ್ಲ, ಬಳ್ಳಿ ನಿಂತಿತು.

ಇಷ್ಟೆಲ್ಲ ಕೇಳಿ, ನಮ್ಮ ಮನೆಯಲ್ಲಿ ಇವಾವುವೂ ಇಲ್ಲವೆಂದು ಸಮಾಧಾನಪಟ್ಟುಕೊಳ್ಳುವವರು ಒಮ್ಮೆ ತಮ್ಮ ಹಜಾರದ ಕಿಟಕಿಯ ಕಡೆ ನೋಡಬೇಕು. ಅಲ್ಲಿ ಬಾಟಲಿಯಲ್ಲಿ ಮನಿ ಪ್ಲಾಂಟ್ ಇದ್ದೇ ಇರುತ್ತದೆ. ಶಾಂತಸಾಗರದ ಮೊರೆಯಾ ಎಂಬ ಪುಟ್ಟ ದ್ವೀಪದ್ದು. ಅದಕ್ಕೂ ಹಣಕ್ಕೂ ಏನು ನಂಟೋ ನಾನರಿಯೆ. ಕೊಂಡು ತಂದರೆ ಫಲವಿಲ್ಲ, ಬೇರೆಯವರ ಮನೆಯಿಂದ ಕದ್ದು ತಂದು ನೆಟ್ಟರೇ ಲಕ್ಷ್ಮಿ ಒಲಿಯುವಳೆಂದು ಸಭ್ಯ ಗೃಹಿಣಿಯರೂ ನಂಬಿರುವುದನ್ನು ಕಂಡಿದ್ದೇನೆ. ಬಾಟಲಿಯಲ್ಲಿರುವಷ್ಟು ಕಾಲ ಅದು ಸಾಧು. ನೀರು ಬದಲಿಸುವಾಗ ಉದ್ದವಾದ ತುಂಡನ್ನು ಕತ್ತರಿಸಿ ಬೀದಿಯ ಮರದ ಬುಡಕ್ಕೆ ಎಸೆಯುತ್ತೇವಲ್ಲ, ಅಲ್ಲಿಂದ ಕತೆ ಶುರು. ಅಂಗೈಯಗಲದ ಎಲೆ ಮರವೇರಿದಂತೆ ಬೆಳೆದು ಮೊರದಗಲವಾಗಿ, ಅಂಚು ಸೀಳಿಕೊಂಡು, ಇದು ಅದೇ ಗಿಡವೇ ಎಂಬಂತಾಗುತ್ತದೆ. ಸೋಜಿಗವೇನೆಂದರೆ ಈ ಬಳ್ಳಿ ಹೂ ಬಿಡುವುದೇ ಬಲು ಅಪರೂಪ, ಬೀಜದಿಂದ ಹರಡುವುದಿಲ್ಲ. ಗಾಳಿ ಒಯ್ಯಲಿಲ್ಲ, ಹಕ್ಕಿ ಒಯ್ಯಲಿಲ್ಲ. ಊರೂರಿನ ಮರಗಳ ಮೇಲಿರುವ ಮನಿ ಪ್ಲಾಂಟೆಲ್ಲವೂ ಯಾರೋ ಒಬ್ಬರ ಕೈಯಿಂದಲೇ ಹೊರಟದ್ದು.

ನಮ್ಮದೇ ಆದ ಅಮೃತಬಳ್ಳಿಯ ಬಗೆಗೂ ಒಂದು ಮಾತು. 2020ರ ಕೊರೊನಾ ಕಾಲದಲ್ಲಿ ಕಷಾಯಕ್ಕೆಂದು ಮನೆಮನೆಯಲ್ಲೂ ಹಬ್ಬಿಸಿದರು. ಕಷಾಯದ ಉತ್ಸಾಹ ತಗ್ಗಿತು, ಬಳ್ಳಿಯದು ತಗ್ಗಲಿಲ್ಲ. ಕಡಿದರೂ ಮೇಲಿನಿಂದ ದಾರದಂತಹ ಬೇರನ್ನು ನೆಲಕ್ಕಿಳಿಸಿ ಮತ್ತೆ ಜೀವ ಹಿಡಿಯುವ ಬಳ್ಳಿ ಅದು. ಸ್ವದೇಶಿಯೆಂದ ಮಾತ್ರಕ್ಕೆ ಕೈಬಿಟ್ಟು ಕೂರುವಂತಿಲ್ಲ.

ಇನ್ನು ತೆಗೆಯುವ ಬಗೆ. ಮರದ ಮೇಲಿರುವ ಬಳ್ಳಿಯನ್ನು ಕಂಡಕೂಡಲೆ ಜಗ್ಗಿ ಎಳೆಯುವುದು ಸಹಜ. ನಾನೂ ಎಳೆದೆ, ಸಂಪಿಗೆಯ ಎರಡು ಹಸಿ ರೆಂಬೆಗಳು ಮುರಿದು ಬಂದವು. ಬುಡದಲ್ಲಿ ಒಮ್ಮೆ, ಎದೆಯೆತ್ತರದಲ್ಲಿ ಒಮ್ಮೆ ಕತ್ತರಿಸಿ ನಡುವಿನ ತುಂಡನ್ನು ತೆಗೆದು, ಮೇಲಿನದನ್ನು ಮರದ ಮೇಲೆಯೇ ಒಣಗಲು ಬಿಡಬೇಕು. ಒಣಗಿದ ಮೇಲೆ ಅದು ಹಗುರವಾಗಿ, ಹಿಡಿತ ಸಡಿಲಿಸಿ, ತುಂಡುತುಂಡಾಗಿ ಬರುತ್ತದೆ. ಮನಿ ಪ್ಲಾಂಟ್ ತೊಗಟೆಗೆ ಬೇರು ಬಿಟ್ಟಿರುವುದರಿಂದ ಮಳೆಯ ತೇವದಲ್ಲಿ ಇನ್ನೂ ಕೆಲವು ತಿಂಗಳು ಹಸಿರಾಗಿರಬಹುದು. ಬೇಸಗೆಯ ಮೊದಲಲ್ಲಿ ಕಡಿಯುವುದು ಲೇಸು. ಆಂಟಿಗೋನನ್‌ಗೆ ಇಷ್ಟು ಸಾಲದು. ಅದರ ಪ್ರಾಣ ಗಡ್ಡೆಯಲ್ಲಿದೆ. ಮೇಲಿನದನ್ನೆಲ್ಲ ಸುಟ್ಟರೂ ಗಡ್ಡೆಯೊಂದು ಉಳಿದರೆ ಮೊದಲ ಮಳೆಗೆ ಚಿಗುರುತ್ತದೆ. ಗುದ್ದಲಿ ಹಿಡಿದು ಅಗೆಯಬೇಕು, ಮುಂದಿನ ಮಳೆಗಾಲ ಮತ್ತೆ ಅಗೆಯಬೇಕು, ಅದರ ಮುಂದಿನದರಲ್ಲಿಯೂ. ಬೀಜ ನೀರಿನಲ್ಲಿ ತೇಲಿ ಹೋಗುವುದರಿಂದ ಕಾಯಿ ಕಟ್ಟುವ ಮುನ್ನ ಗೊಂಚಲುಗಳನ್ನು ಕತ್ತರಿಸುವುದನ್ನೂ ಮರೆಯಬಾರದು.

ಕತ್ತರಿಸಿದ್ದನ್ನು ಎಲ್ಲಿ ಹಾಕುವುದು ಎಂಬಲ್ಲಿಯೇ ಹೆಚ್ಚು ಜನ ತಪ್ಪುವುದು. ಕಾಂಪೌಂಡಿನಾಚೆ ಖಾಲಿ ಸೈಟು, ಚರಂಡಿ, ಕೆರೆಯ ದಂಡೆ, ಇವು ಮೂರೂ ಕೂಡದು. ಗಂಟುಳ್ಳ ತುಂಡು ಒದ್ದೆ ನೆಲ ಕಂಡಲ್ಲಿ ಬೇರು ಬಿಡುತ್ತದೆ. ಮನೆಯ ತಾರಸಿಯ ಮೇಲೆ ಬಿಸಿಲಿಗೆ ಹರಡಿ, ಮುರಿದರೆ ಪಟ್ಟೆನ್ನುವವರೆಗೆ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು. ಮನಿ ಪ್ಲಾಂಟಿನ ದಪ್ಪ ಕಾಂಡ ಬೇಗ ಒಣಗದು. ಅದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೊಳೆಯುವವರೆಗೆ ಬಿಸಿಲಿನಲ್ಲಿಡುವುದು ಮೇಲು. ಅದರ ರಸ ಕೈಗೆ ತುರಿಕೆ ತರುವುದುಂಟು, ಕೈಗವಸಿದ್ದರೆ ಒಳ್ಳೆಯದು.

ನರ್ಸರಿಗೆ ಹೋದಾಗ ಈಗ ನಾನು ಕೇಳುವ ಪ್ರಶ್ನೆಗಳು ಬದಲಾಗಿವೆ. ಎಷ್ಟು ಬೇಗ ಹಬ್ಬುತ್ತದೆ ಎಂದು ಕೇಳುವುದಿಲ್ಲ. ಕಡಿದರೆ ಸಾಯುತ್ತದೆಯೇ, ಗಡ್ಡೆ ಇದೆಯೇ, ಬೀಜ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತೇನೆ. ನರ್ಸರಿಯ ಹುಡುಗನಿಗೆ ಇದು ವಿಚಿತ್ರವೆನಿಸುತ್ತದೆ. ಗೇಟಿನ ಕಮಾನಿಗೆ ಈಗ ಜಾಜಿ ಹಾಕಿದ್ದೇವೆ. ನಮ್ಮ ಮನೆಯವರಿಗೆ ಅದನ್ನು ಸವರಿ ಕಟ್ಟುವ ಕೆಲಸ, ನನಗೆ ಏಣಿ ಹಿಡಿಯುವ ಕೆಲಸ.

ಪಕ್ಕದ ಮನೆಯ ಸಂಪಿಗೆಯನ್ನು ಬಿಡಿಸುವುದಕ್ಕೆ ಆ ವರ್ಷ ಎರಡು ತಿಂಗಳು ಹಿಡಿಯಿತು. ಪಶ್ಚಿಮದ ಕಡೆಯ ಕೊಂಬೆಗಳು ಒಣಗಿಹೋಗಿದ್ದುದರಿಂದ ಕಡಿಸಬೇಕಾಯಿತು. ಮಿಕ್ಕ ಅರ್ಧ ಮರ ಮೂರನೆಯ ವರ್ಷ ಹೂ ಬಿಟ್ಟಿತು. ಅಮ್ಮ ಒಂದು ಬಾಳೆಯ ಸೀಳಿನಲ್ಲಿ ಐದು ಹೂವಿಟ್ಟು ಕಳುಹಿಸಿದ್ದರು. ನಮ್ಮ ಮನೆಯವರು ಮುಡಿದರು, ನಾನು ಏನೂ ಹೇಳಲಾರದೆ ಹೋದೆ.

ಕೆರೆಯ ಏರಿಯದು ಬೇರೆ ಲೆಕ್ಕ. 2004ರಲ್ಲಿ ಗಡ್ಡೆ ನೆಟ್ಟ ಮಕ್ಕಳಲ್ಲಿ ಒಬ್ಬನ ಮಗಳು ಈಗ ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಾಳೆ. ಮಳೆ ಬಿಟ್ಟ ಶನಿವಾರಗಳಂದು ಎಂಟು, ಒಂಬತ್ತನೆಯ ತರಗತಿಗಳ ಮಕ್ಕಳೊಡನೆ ನಾನೂ ವಿಜ್ಞಾನದ ಅಧ್ಯಾಪಕರೂ ಹಾರೆ, ಬುಟ್ಟಿ ತೆಗೆದುಕೊಂಡು ಅಲ್ಲಿಗೆ ಹೋಗುತ್ತೇವೆ. ಅಲ್ಲಿಯ ಹೊಂಗೆ ಮರಗಳಲ್ಲಿ ಮೂರು ಆಗಲೇ ಒಣಗಿವೆ. ಕಳೆದ ಶನಿವಾರ ನಾಲ್ಕು ಬುಟ್ಟಿ ಗಡ್ಡೆ ಅಗೆದೆವು. ತೂಬಿನಿಂದ ಕೋಡಿಯವರೆಗೆ ಇನ್ನೂ ಬಾಕಿಯಿದೆ.